ಮೀನಿನ ತಲೆ ಯಾರ ತಟ್ಟೆಗೆ?

ಹೋದ ತಿಂಗಳು ನನ್ನ ಭಾವನಿಗೆ ಯಾರೋ ಮದ್ದು ಹಾಕಿದರು.

ಹಾಗಂತ ನಾನು ಹೇಳುತ್ತಿಲ್ಲ. ಹೊನ್ನವಳ್ಳಿಯಲ್ಲಿ ಅವರ ಬೀದಿ ಹೇಳಿತು. ಬೆಳಗ್ಗೆ ಹಾಲು ಹಾಕಲು ಹೋದವರು ಡೇರಿಯಲ್ಲಿ ಹೇಳಿದರು. ಡೇರಿಯಲ್ಲಿ ಕೇಳಿಸಿಕೊಂಡವರು ಬಸ್ ಸ್ಟ್ಯಾಂಡಿನಲ್ಲಿ ಹೇಳಿದರು. ತಿಪಟೂರಿನ ನನ್ನ ಮನೆಗೆ ಸುದ್ದಿ ಮುಟ್ಟುವ ಹೊತ್ತಿಗೆ ಮದ್ದು ಹಾಕಿದ್ದು ಯಾರು, ಯಾವುದರಲ್ಲಿ, ಯಾಕೆ ಎಲ್ಲವೂ ತೀರ್ಮಾನವಾಗಿತ್ತು. (ನಮ್ಮ ಕೋರ್ಟುಗಳಿಗೆ ಇದರಲ್ಲಿ ಕಾಲು ಭಾಗ ಚುರುಕುತನ ಇದ್ದಿದ್ದರೆ ಸಾಕಿತ್ತು.)

ಗೊತ್ತಿಲ್ಲದವರಿಗಾಗಿ ಒಂದು ಮಾತು. ಈ ಮದ್ದು ಮೆಡಿಕಲ್ ಸ್ಟೋರಿನಲ್ಲಿ ಸಿಗುವುದಲ್ಲ. ಆಗದವರು ಊಟದಲ್ಲಿ ಏನೋ ಬೆರೆಸಿ ಇಕ್ಕುತ್ತಾರೆ, ಅದು ಹೊಟ್ಟೆಯಲ್ಲಿ ಕೂತು ಆಸಾಮಿಯನ್ನು ಒಳಗಿನಿಂದಲೇ ಒಣಗಿಸುತ್ತದೆ ಎಂಬುದು ನಂಬಿಕೆ. ಅದನ್ನು ತೆಗೆಯುವವರೂ ಇದ್ದಾರೆ. ಯಾವುದೋ ಸೊಪ್ಪಿನ ರಸ ಕುಡಿಸಿ, ಕರುಳು ಬಾಯಿಗೆ ಬರುವ ಹಾಗೆ ವಾಂತಿ ಮಾಡಿಸುತ್ತಾರೆ. ಬಿದ್ದದ್ದರಲ್ಲಿ ಏನೋ ಒಂದು ಉಂಡೆ ತೋರಿಸಿ 'ನೋಡಿ, ಇದೇ' ಅನ್ನುತ್ತಾರೆ. ಆಮೇಲೆ ಕಾಯಿಲೆಯವನು ತಾನು ಈಚೆಗೆ ಯಾರ ಮನೆಯಲ್ಲಿ ಉಂಡೆ ಎಂದು ನೆನಪು ಮಾಡಿಕೊಳ್ಳುತ್ತಾನೆ. ಅಲ್ಲಿಗೆ ಆ ಮನೆಯ ಹೆಂಗಸಿನ ಕಥೆ ಮುಗಿಯಿತು. ಗಮನಿಸಿ, ಯಾವಾಗಲೂ ಹೆಂಗಸೇ. ಒಲೆ ಮುಂದೆ ಇರುವವಳು ಅವಳೇ ತಾನೆ?

ಇರಲಿ, ನಡೆದದ್ದು ಹೇಳುತ್ತೇನೆ.

ನನ್ನಕ್ಕ ಜಯಳನ್ನು ಕೊಟ್ಟಿರುವುದು ಹೊನ್ನವಳ್ಳಿಗೆ. ಅವಳ ಗಂಡ ರಾಜಣ್ಣ, ಅಂದರೆ ನನ್ನ ಭಾವ, ತೋಟ ನೋಡಿಕೊಂಡಿರುವ ಸಾಧು ಮನುಷ್ಯ. ಭಾವನ ಅಣ್ಣ ಕೆಂಪಣ್ಣ ಪಕ್ಕದ ಮನೆಯಲ್ಲೇ ಇದ್ದಾರೆ. ಕೆಂಪಣ್ಣನ ಹೆಂಡತಿ ಪುಟ್ಟಮ್ಮ. ಎರಡು ಮನೆಗಳಿಗೆ ನಡುವೆ ಒಂದೇ ಗೋಡೆ. ಆದರೆ ಬೋರ್‌ವೆಲ್ ನೀರಿನ ಸರದಿ ವಿಚಾರಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಒಂದೇ ತೋಟದ ಆಚೆ ಈಚೆ ನಿಂತು ತಮ್ಮ ತಮ್ಮ ಕಾಯಿ ಕೆಡವಿಸುತ್ತಿದ್ದರು. ಒಬ್ಬರು ಕೆಮ್ಮಿದರೆ ಇನ್ನೊಬ್ಬರಿಗೆ ಕೇಳಿಸುವಷ್ಟು ಹತ್ತಿರ, ಹೇಗಿದ್ದೀಯಾ ಎಂದು ಕೇಳಲಾರದಷ್ಟು ದೂರ.

ಈ ಸಲ ನೆಂಟರಿಷ್ಟರು ಕೂತು ಇಬ್ಬರಿಗೂ ಬುದ್ಧಿ ಹೇಳಿ ರಾಜಿ ಮಾಡಿಸಿದರು. ನಮ್ಮ ಕಡೆ ರಾಜಿಗೆ ಸಹಿ, ಸ್ಟ್ಯಾಂಪ್ ಪೇಪರ್ ಏನೂ ಬೇಕಿಲ್ಲ. ಒಬ್ಬರ ಮನೆಯಲ್ಲಿ ಇನ್ನೊಬ್ಬರು ಕೂತು ಉಂಡರೆ ಆಯಿತು. ಅದೇ ರಿಜಿಸ್ಟ್ರೇಷನ್.

ಹಾಗಾಗಿ ಒಂದು ಭಾನುವಾರ ಕೆಂಪಣ್ಣ ತಮ್ಮನನ್ನು ಊಟಕ್ಕೆ ಕರೆದರು. ಭಾವನಿಗೆ ಮೀನು ಅಂದರೆ ಪ್ರಾಣ ಎಂದು ಅಣ್ಣನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಬೆಳಗ್ಗೆಯೇ ಗಾಡಿ ಹತ್ತಿ ಕಿಬ್ಬನಹಳ್ಳಿ ಕ್ರಾಸಿಗೆ ಹೋಗಿ, ರಸ್ತೆ ಬದಿ ಐಸ್ ಬಾಕ್ಸ್ ಇಟ್ಟುಕೊಂಡವರ ಹತ್ತಿರ ಇದ್ದುದರಲ್ಲೇ ದೊಡ್ಡ ಮೀನನ್ನು ತಂದರು. ಅದು ಯಾವ ಮೀನು ಎಂಬುದು ಇವತ್ತಿಗೂ ಬಗೆಹರಿದಿಲ್ಲ. ಕೆಂಪಣ್ಣ ಕಾಟ್ಲ ಅನ್ನುತ್ತಾರೆ. ಭಾವ ಅಲ್ಲ ಅನ್ನುತ್ತಾರೆ. ಮಾರಿದವರ ಮುಖ ಯಾರಿಗೂ ನೆನಪಿಲ್ಲ. ದೊಡ್ಡದಿತ್ತು ಎಂಬುದೊಂದರಲ್ಲಿ ಮಾತ್ರ ಒಮ್ಮತ.

ಅಕ್ಕ ಊಟಕ್ಕೆ ಹೋಗಲಿಲ್ಲ. 'ನಂಗೆ ತಲೆನೋವು, ನೀವೋಗಿ ಉಂಡ್ಕಂಡು ಬನ್ನಿ' ಎಂದಳು. (ನನ್ನಕ್ಕನ ತಲೆನೋವು ಬಹಳ ಬುದ್ಧಿವಂತ ತಲೆನೋವು. ಮನಸ್ಸಿಲ್ಲದ ಕಡೆ ಹೋಗಬೇಕಾದ ದಿನವೇ ಬರುತ್ತದೆ.) ಗಂಡಸರು ರಾಜಿ ಆದಷ್ಟು ಬೇಗ ವಾರಗಿತ್ತಿಯರು ಆಗುತ್ತಾರೆಯೇ? ಅವರು ಆಡಿಕೊಂಡ ಮಾತುಗಳೇ ಬೇರೆ, ಅವುಗಳ ಲೆಕ್ಕವೇ ಬೇರೆ.

ಊಟ ಭರ್ಜರಿಯಾಗಿ ನಡೆಯಿತು. ಹುಣಸೆ ಹುಳಿ ಹಿಂಡಿ, ಕಾಯಿ ರುಬ್ಬಿ ಹಾಕಿದ ಸಾರು, ಬಿಸಿ ಮುದ್ದೆ. ಕೆಂಪಣ್ಣನಿಗೆ ಹಲ್ಲೂ ಕಮ್ಮಿ, ಮುಳ್ಳಿನ ಭಯವೂ ಜಾಸ್ತಿ. ಅವರು ಒಂದು ಚೂರು ಮೀನು ಮುರಿದುಕೊಂಡು ಮುದ್ದೆ ಮುಗಿಸಿದರು. ತಾವು ತಿನ್ನದಿದ್ದುದನ್ನೆಲ್ಲ ತಮ್ಮನಿಗೆ ಇಕ್ಕಿಸಿದರು. 'ಇನ್ನೊಂದು ತುಂಡು ಇಕ್ಕೇ ಅವ್ನಿಗೆ', 'ಹೊಟ್ಟೆ ಭಾಗದ್ದು ಇಕ್ಕು', 'ನಾಚ್ಕಬೇಡ ಉಣ್ಲಾ.' ಪುಟ್ಟಮ್ಮ ಇಕ್ಕಿದರು. ಭಾವ ಉಂಡರು. ಇಷ್ಟು ವರ್ಷ ತಪ್ಪಿಹೋದ ಊಟಗಳೆಲ್ಲ ಅವತ್ತೇ ಒಳಗೆ ಹೋದವು.

ಮಾರನೇ ದಿನ ಬೆಳಗ್ಗೆ ನಾನು ಸ್ಕೂಲಿಗೆ ಹೊರಡುತ್ತಿದ್ದೆ (ಹಳೆಯ ಓದುಗರಿಗೆ ಗೊತ್ತಿದೆ, ನಾನು ಮೇಷ್ಟ್ರು ಕೆಲಸದವಳು). ಅಕ್ಕನ ಫೋನ್ ಬಂತು.

'ನಿಮ್ ಭಾವ ಎದ್ದೇಳಕ್ಕಾಗ್ತಿಲ್ಲ ಕಣೇ. ತೊಡೆ, ಭುಜ, ಕತ್ತು ಎಲ್ಲ ಕಲ್ಲಾಗವೆ. ಮುಟ್ಟುದ್ರೆ ಕಿರುಚ್ಕತಾರೆ.'

'ಜ್ವರ ಇದೆಯಾ?'

'ಇಲ್ಲ. ಆದ್ರೆ ಉಚ್ಚೆ ಕಾಫಿ ಡಿಕಾಕ್ಷನ್ ಇದ್ದಂಗೆ ಬತ್ತೈತೆ.'

ನಾನು ಸ್ಕೂಲಿಗೆ ರಜೆ ಹೇಳಿ ಸ್ಕೂಟರ್ ತೆಗೆದೆ.

ಹೋಗಿ ನೋಡಿದರೆ ಮನೆ ತುಂಬಾ ಜನ, ಜನಕ್ಕೊಂದು ರೋಗ. ಒಬ್ಬರು 'ನರ ಹಿಡ್ಕಂಡೈತೆ' ಎಂದರು. ಭಾವ ಆ ವಾರವೆಲ್ಲ ಅಟ್ಟಕ್ಕೆ ಕಾಯಿ ಏರಿಸಿದ್ದರಿಂದ ಆ ಮಾತಿಗೆ ಬಲ ಬಂತು. ಕೊಬ್ಬರಿ ಎಣ್ಣೆ ಬಿಸಿ ಮಾಡಿ ಸೊಂಟ, ತೊಡೆ ತಿಕ್ಕಿದ್ದೂ ಆಗಿತ್ತು. (ನಮ್ಮ ಸೀಮೆಯಲ್ಲಿ ಮೊದಲ ಚಿಕಿತ್ಸೆ ಎಣ್ಣೆ. ಕಾಲು ಮುರಿದರೂ ಎಣ್ಣೆ, ಮನಸ್ಸು ಮುರಿದರೆ ನೆತ್ತಿಗೆ ಎಣ್ಣೆ.) ಇನ್ನೊಬ್ಬರು ಉಚ್ಚೆಯ ಬಣ್ಣ ಕೇಳಿ 'ಉಷ್ಣ ಕಣ್ರೀ, ಎಳನೀರು ಕುಡ್ಸಿ' ಎಂದರು. ಅದನ್ನೂ ಕುಡಿಸಿದ್ದರು.

ಎಳನೀರಿನ ಬಗ್ಗೆಯೂ ಹೇಳಬೇಕು. ತೆಂಗಿನ ಸೀಮೆಯವರು ದಿನಾ ಎಳನೀರು ಕುಡಿಯುತ್ತಾರೆ ಎಂದು ನೀವು ಅಂದುಕೊಂಡಿದ್ದರೆ ತಪ್ಪು. ನಮ್ಮದು ಕೊಬ್ಬರಿ ಸೀಮೆ. ಕಾಯಿ ಮರದಲ್ಲೇ ಬಲಿಯಬೇಕು, ಅಟ್ಟದ ಮೇಲೆ ತಿಂಗಳುಗಟ್ಟಲೆ ಇದ್ದು ನೀರು ಇಂಗಿ ಒಳಗೇ ಕೊಬ್ಬರಿಯಾಗಬೇಕು. ಎಳೆಯದನ್ನು ಕೀಳಲು ಕೈಯೇ ಬರುವುದಿಲ್ಲ. ಅಂಥದ್ದರಲ್ಲಿ ನಿಮಗೆ ಯಾರಾದರೂ ಮರ ಹತ್ತಿಸಿ ಎಳನೀರು ಕೆಡವಿಸಿ ಕೊಟ್ಟರೆ ನೀವು ಅವರಿಗೆ ಬೇಕಾದವರು ಅಂತ ಅರ್ಥ. ಇಲ್ಲವೇ ನೀವು ಬಹಳ ಕಾಯಿಲೆ ಬಿದ್ದಿದ್ದೀರಿ ಅಂತ ಅರ್ಥ.

ಮೂರನೆಯ ರೋಗದ ಹೆಸರನ್ನು ಯಾರೂ ಜೋರಾಗಿ ಹೇಳುತ್ತಿರಲಿಲ್ಲ. ಅಕ್ಕ ನನ್ನನ್ನು ಕೊಟ್ಟಿಗೆ ಪಕ್ಕಕ್ಕೆ ಕರೆದುಕೊಂಡು ಹೋಗಿ ಹೇಳಿದಳು.

'ಇಷ್ಟ್ ವರ್ಷ ಇಲ್ದಿದ್ದ ಪ್ರೀತಿ ಒಂದೇ ದಿನಕ್ಕೆ ಎಲ್ಲಿಂದ ಬಂತು ಹೇಳು. ಅವ್ರ್ ಮನೇಲಿ ಉಂಡವ್ರೆ, ಬೆಳಕರ್ದ್ರೆ ಹಿಂಗಾಗವ್ರೆ. ಅಲ್ಲಿ ಯಾರಿಗೂ ಏನೂ ಆಗಿಲ್ಲ, ಗುಂಡ್ಕಲ್ಲಂಗವ್ರೆ. ಇದು ಮದ್ದೇ ಕಣೇ. ತೆಗ್ಯೋರತ್ರ ಕರ್ಕಂಡೋಗಾಕೆ ಆಟೋ ಹೇಳಿವ್ನಿ.'

ಅವಳು ಮೆಲ್ಲಗೇ ಹೇಳಿದಳು. ಆದರೆ ಎರಡು ಮನೆಗೂ ನಡುವೆ ಒಂದೇ ಗೋಡೆ. ಆಚೆ ಕಡೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಅದು ನಿಂತಿತು.

ನಾನು ಅಕ್ಕನ ಜೊತೆ ವಾದ ಮಾಡಲಿಲ್ಲ. ನಲವತ್ತು ಮಕ್ಕಳ ಕ್ಲಾಸು ನಡೆಸುವವಳಿಗೆ ಯಾವಾಗ ವಾದ ಮಾಡಬಾರದು ಎಂಬುದಾದರೂ ಗೊತ್ತಿರುತ್ತದೆ. 'ಆಯ್ತು ಅಕ್ಕ, ಮದ್ದೇ ಅಂತ ಇಟ್ಕೋ. ಮದ್ದು ತೆಗೆಯೋರು ಎಲ್ಲಿಗೂ ಓಡಿಹೋಗಲ್ಲ. ಮೊದಲು ಡಾಕ್ಟ್ರಿಗೆ ತೋರಿಸಿಬಿಡೋಣ' ಎಂದೆ.

'ಮದ್ದು ಮಿಷಿನ್ನಾಗೆ ಕಾಣಾಕಿಲ್ಲ.'

'ಕಾಣದಿದ್ರೆ ಅಲ್ಲಿಂದ ಸೀದಾ ಅವರತ್ರಾನೇ ಹೋಗೋಣ. ನಾನೇ ಕರ್ಕೊಂಡು ಹೋಗ್ತೀನಿ.'

ಅಷ್ಟರಲ್ಲಿ ಒಳಗಿಂದ ಭಾವನ ದನಿ ಬಂತು. 'ಎಲ್ಲಿಗಾರ ಸರಿ ಕಣ್ರವ್ವಾ, ಬೇಗ ಕರ್ಕಂಡೋಗಿ.' ಆಗಲೇ ಬಂದು ನಿಂತಿದ್ದ ಆಟೋದವನು ಮಧ್ಯೆ ಬಾಯಿ ಹಾಕಿ, ಈ ಸ್ಥಿತಿಯಲ್ಲಿ ಇವರನ್ನು ಮದ್ದು ತೆಗೆಯುವವರ ಊರಿನ ಆ ಗುಂಡಿ ರಸ್ತೆಯಲ್ಲಿ ಕರೆದುಕೊಂಡು ಹೋಗಲಾರೆ, ತಿಪಟೂರಿನ ರೋಡ್ ವಾಸಿ ಎಂದ. ಅದಕ್ಕೆ ಅಕ್ಕನೂ ಒಪ್ಪಿದಳು. ವಿಜ್ಞಾನ ಗೆದ್ದಿತು ಎಂದು ಬರೆಯಲು ನನಗೂ ಆಸೆ. ಗೆದ್ದದ್ದು ಡಾಂಬರು.

ತಿಪಟೂರಿನ ಆಸ್ಪತ್ರೆಯಲ್ಲಿ ಇದ್ದವರು ಸಣ್ಣ ವಯಸ್ಸಿನ ಲೇಡಿ ಡಾಕ್ಟರ್. ಹೆಚ್ಚು ಮಾತಿಲ್ಲ. ಭಾವನ ತೊಡೆ ಒತ್ತಿ ನೋಡಿದರು, ಬಾಟಲಿಯಲ್ಲಿದ್ದ ಉಚ್ಚೆ ನೋಡಿದರು, ಮುಖ ಗಂಭೀರವಾಯಿತು. ರಕ್ತ ಕಳಿಸಿ ಆಗಲೇ ಡ್ರಿಪ್ಸ್ ಏರಿಸಿದರು. ರಿಪೋರ್ಟ್ ಬಂದ ಮೇಲೆ ನಮ್ಮಿಬ್ಬರನ್ನು ಕರೆದು ಕೂರಿಸಿದರು.

ಮಾಂಸಖಂಡ ಒಡೆಯುತ್ತಿದೆ ಎಂದರು. ಒಡೆದದ್ದು ರಕ್ತಕ್ಕೆ ಸೇರುತ್ತದೆ, ಅದನ್ನು ಸೋಸುವ ಕೆಲಸ ಕಿಡ್ನಿಯದು. ಉಚ್ಚೆಗೆ ಆ ಬಣ್ಣ ಬಂದದ್ದು ಅದಕ್ಕೇ. ಜಾಸ್ತಿ ಆದರೆ ಕಿಡ್ನಿ ಕಟ್ಟಿಕೊಂಡುಬಿಡುತ್ತದೆ. ಅದಾಗದ ಹಾಗೆ ಡ್ರಿಪ್ಸ್ ಕೊಟ್ಟು ತೊಳೆಯಬೇಕು. ಎರಡು ದಿನ ನೋಡೋಣ, ಕಿಡ್ನಿ ಸುಧಾರಿಸಿಕೊಳ್ಳದಿದ್ದರೆ ಡಯಾಲಿಸಿಸ್‌ಗೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕಾಗುತ್ತದೆ.

ಅಕ್ಕ ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ 'ಅಂದ್ರೆ ಒಳಗ್ ಏನೋ ಸೇರೈತೆ ಅಂತಾಯ್ತಲ್ವ ಡಾಕ್ಟ್ರೇ?' ಎಂದಳು.

ಡಾಕ್ಟರ್ ತಾವೇ ಪ್ರಶ್ನೆ ಕೇಳತೊಡಗಿದರು. ಕೊಲೆಸ್ಟ್ರಾಲ್ ಮಾತ್ರೆ ನುಂಗುತ್ತಾರಾ? ಇಲ್ಲ. ಹಾವು ಏನಾದರೂ ಕಚ್ಚಿತಾ? ಇಲ್ಲ. ಕುಡಿತ? ಇಲ್ಲ. ಎಂದೂ ಮಾಡದ ಭಾರದ ಕೆಲಸ? ಕಾಯಿ ಎತ್ತುವುದು ಅವರಿಗೆ ಹೊಸದಲ್ಲ. ಹೋಗಲಿ, ಏನು ಊಟ ಮಾಡಿದ್ದರು?

'ಮೀನು' ಎಂದೆ. ಡಾಕ್ಟರ್ ಪೆನ್ ಕೆಳಗಿಟ್ಟರು.

ಮೀನು ತಿಂದ ಒಂದು ದಿನದೊಳಗೆ ಹೀಗೆ ಮೈಯೆಲ್ಲ ಕಲ್ಲಾಗಿ, ಕಪ್ಪು ಉಚ್ಚೆ ಹೋಗುವ ಕಾಯಿಲೆ ಒಂದಿದೆಯಂತೆ. ಹಾಫ್ ಡಿಸೀಸ್ ಎಂದು ಹೆಸರು. (ಆಮೇಲೆ ಹೋಗಿ ಹೇಳಿದಾಗ ಭಾವ ಆ ನೋವಿನಲ್ಲೂ 'ಹಾಫೇ ಹಿಂಗೆ, ಇನ್ನು ಫುಲ್ ಆಗಿದ್ರೆ?' ಎಂದರು. ಮೊದಲು ಅದು ಕಾಣಿಸಿಕೊಂಡ ಕಡಲ ಹಿನ್ನೀರಿನ ಹೆಸರಂತೆ, ಅರ್ಧಕ್ಕೂ ಅದಕ್ಕೂ ಸಂಬಂಧ ಇಲ್ಲ.) ಹೊರದೇಶಗಳಲ್ಲಿ ಕೆಲವು ಜಾತಿಯ ಮೀನು, ಸೀಗಡಿಯಂಥವನ್ನು ತಿಂದವರಲ್ಲಿ ಕಂಡಿದ್ದಾರೆ. ನಮ್ಮ ಕಡೆ ಬಹಳ ಅಪರೂಪ. ಅದರಲ್ಲಿರುವ ವಿಷ ಯಾವುದು ಎಂದು ಇನ್ನೂ ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಮೀನು ಕೆಟ್ಟಿರಬೇಕೆಂದಿಲ್ಲ, ವಾಸನೆ, ರುಚಿ ಬದಲಾಗಬೇಕೆಂದಿಲ್ಲ.

'ಬೇಯ್ಸಿದ್ರೆ ಹೋಗಲ್ವಾ?' ಅಕ್ಕ ಕೇಳಿದಳು.

'ಎಷ್ಟು ಬೇಯಿಸಿದ್ರೂ ಹೋಗಲ್ಲ. ಮಾಡಿದವರದ್ದು ಏನೂ ತಪ್ಪಿಲ್ಲ.' ಡಾಕ್ಟರ್ ಸ್ವಲ್ಪ ಯೋಚಿಸಿ ಹೇಳಿದರು. 'ಆದ್ರೆ ಇದೇ ಅಂತ ನಾನು ಹೇಳೋಕೆ ಟೆಸ್ಟ್ ಇಲ್ಲ. ಅದೇ ಮೀನು ತಿಂದ ಬೇರೆ ಯಾರಿಗಾದ್ರೂ ಹೀಗೇ ಆಗಿದ್ರೆ ನನ್ನ ಅನುಮಾನ ಗಟ್ಟಿಯಾಗುತ್ತೆ. ಯಾರಿಗೂ ಆಗಿಲ್ಲ ಅಂದ್ರೆ ಬೇರೆ ಕಾರಣ ಹುಡುಕಬೇಕು.'

ಅಕ್ಕ ನನ್ನ ಕಡೆ ತಿರುಗಿದಳು. ಯಾರಿಗೂ ಆಗಿಲ್ಲವಲ್ಲ, ಎಂದಿತು ಅವಳ ಮುಖ.

ಈಗ ನನಗೂ ಭಯವಾಯಿತು. ಭಾವನ ಕಿಡ್ನಿಯ ಬಗ್ಗೆ ಭಯ ಇದ್ದೇ ಇತ್ತು. ಅದರ ಜೊತೆ ಇನ್ನೊಂದು ಸೇರಿಕೊಂಡಿತು. ಭಾವ ಹುಷಾರಾಗಿ ಮನೆಗೆ ಬಂದರೂ ಈ ಮಾತು ವಾಪಸ್ ಹೋಗುವುದಿಲ್ಲ. ಪುಟ್ಟಮ್ಮನ ಕೈಯಲ್ಲಿ ನೀರು ಇಸಿದುಕೊಳ್ಳಲೂ ಜನ ಹಿಂದೆ ಮುಂದೆ ನೋಡುತ್ತಾರೆ. ನಾಮಕರಣಕ್ಕೆ, ಸೀಮಂತಕ್ಕೆ ಕರೆದರೂ 'ನೀನು ಕೂತ್ಕೋ ಪುಟ್ಟಮ್ಮ, ಅಡುಗೆಮನೆ ಕಡೆ ಬರಬೇಡ' ಎನ್ನುತ್ತಾರೆ. ನಮ್ಮೂರುಗಳಲ್ಲಿ ಅಂಥ ಹೆಂಗಸರನ್ನು ನಾನು ನೋಡಿದ್ದೇನೆ. ಸಾಯುವವರೆಗೆ ಅವರ ಮನೆಯ ಕಾಫಿ ಯಾರೂ ಕುಡಿದಿರುವುದಿಲ್ಲ.

ಮಂಗಳವಾರ ಬೆಳಗ್ಗೆ ಕೆಂಪಣ್ಣ, ಪುಟ್ಟಮ್ಮ ಆಸ್ಪತ್ರೆಗೆ ಬಂದರು. ಬಸ್ಸಿನಲ್ಲಿ ಬಂದಿದ್ದರು. ಕೆಂಪಣ್ಣನ ಕೈಯಲ್ಲಿ ಎಳನೀರಿನ ಗೊನೆಯಿಂದ ಕುಯ್ದ ಕೆಲವು ಕಾಯಿ, ಗೋಣಿ ಚೀಲದಲ್ಲಿ. ತಾವೇ ನಿಂತು ಕೆಡವಿಸಿದ್ದರಂತೆ. ಮೆಟ್ಟಿಲ ಹತ್ತಿರ ನಾನು ಎದುರಾದೆ. ಪುಟ್ಟಮ್ಮ ಪಕ್ಕದ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು. ವಯಸ್ಸಾಯಿತು ಪಾಪ, ಎಂದುಕೊಂಡೆ. ಅಷ್ಟೇ ಅಂದುಕೊಂಡದ್ದು.

ಅಕ್ಕ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಬನ್ನಿ ಎನ್ನಲಿಲ್ಲ. ಚೀಲದ ಕಡೆ ನೋಡಿ 'ಅದ್ನ ಹೊರಗೇ ಇಡಿ ಭಾವ' ಎಂದಳು, ಕೆಂಪಣ್ಣನಿಗೆ.

ಕೆಂಪಣ್ಣ ಚೀಲವನ್ನು ಹೊರಗೆ ಗೋಡೆಗೆ ಒರಗಿಸಿದರು. ಪುಟ್ಟಮ್ಮ ತಲೆ ತಗ್ಗಿಸಿದರು. ತೆಂಗಿನ ಸೀಮೆಯಲ್ಲಿ ಕಾಯಿಲೆಯವರಿಗೆ ತಂದ ಎಳನೀರನ್ನು ಹೊರಗಿಡಿ ಎನ್ನುವುದು ಏನೆಂದು ನಾನು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಆಗ ರೌಂಡ್ಸಿಗೆ ಡಾಕ್ಟರ್ ಬಂದರು. ಚೀಲ ನೋಡಿ ನಿಂತರು. 'ಎಳನೀರು ಯಾರು ತಂದಿದ್ದು? ಇವರಿಗೆ ಒಂದು ಹನಿಯೂ ಕೊಡಬೇಡಿ.'

ಅಕ್ಕನ ಮುಖ ನೋಡಬೇಕಿತ್ತು. ಡಾಕ್ಟರ್ ಬಾಯಲ್ಲೇ ಬಂತಲ್ಲ! ಆದರೆ ಡಾಕ್ಟರ್ ಮಾತು ಮುಗಿದಿರಲಿಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಒಡೆದ ಮಾಂಸಖಂಡದಿಂದಲೂ ಅದೇ ರಕ್ತಕ್ಕೆ ಸುರಿಯುತ್ತಿರುತ್ತದೆ, ಕಿಡ್ನಿ ಸೋತಿರುವಾಗ ಎರಡೂ ಸೇರಿದರೆ ಹೃದಯವೇ ನಿಲ್ಲಬಹುದು ಎಂದು ವಿವರಿಸಿದರು. 'ಮೊದಲ ದಿನ ನೀವು ಮನೆಯಲ್ಲಿ ಕುಡಿಸಿದ್ದೂ ಸರಿಯಲ್ಲ. ಸದ್ಯ ಏನೂ ಆಗಿಲ್ಲ' ಎಂದರು, ಅಕ್ಕನಿಗೆ.

ಅಂದರೆ ಲೆಕ್ಕ ಹೀಗಾಯಿತು: ಭಾವನಿಗೆ ಅಪಾಯವಾಗುವಂಥದ್ದನ್ನು ತಿಳಿಯದೆ ಕುಡಿಸಿದವರಲ್ಲಿ ಮೊದಲನೆಯವಳು ನನ್ನಕ್ಕ. ಪ್ರೀತಿಯಿಂದಲೇ. ಅವಳಿಗೆ ಅದು ತಟ್ಟಿತೋ ಇಲ್ಲವೋ, ಬಾಗಿಲು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು.

ಬಂದವರು ಯಾರೆಂದು ನಾನು ಹೇಳಿದೆ. 'ಇವರ ಮನೆಯಲ್ಲೇ ಅಲ್ವಾ ಊಟ ಆಗಿದ್ದು?' ಡಾಕ್ಟರ್ ಕೇಳಿದರು. 'ನಿಮಗೆ ಯಾರಿಗೂ ಏನೂ ಆಗಲಿಲ್ವಾ?'

'ನಂಗೇನೂ ಆಗಿಲ್ಲ, ನಾನು ತಿಂದಿದ್ದೇ ಒಂದ್ ಚೂರು' ಎಂದರು ಕೆಂಪಣ್ಣ.

ಡಾಕ್ಟರ್ ಪುಟ್ಟಮ್ಮನ ಕಡೆ ತಿರುಗಿದರು. ಪುಟ್ಟಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಕೂರಲಿಕ್ಕೆ ಕುರ್ಚಿ ಇತ್ತು. ಕೂತಿರಲಿಲ್ಲ.

'ನೀವೇನು ತಿಂದ್ರಿ ಅಮ್ಮ?'

'ಅವ್ಳೇನೂ ಉಂಡಿಲ್ಲ ಬುಡಿ, ಇಕ್ತಾ ಇದ್ಳು' ಎಂದರು ಕೆಂಪಣ್ಣ.

'ನಾನು ಅವರನ್ನ ಕೇಳಿದ್ದು.'

ಪುಟ್ಟಮ್ಮ ಗಂಡನ ಮುಖ ನೋಡಿದರು, ಅಕ್ಕನ ಮುಖ ನೋಡಿದರು. ಆಮೇಲೆ ಹೇಳಿದರು. 'ಎಲ್ಲಾರ್ದೂ ಆದ್ಮೇಲೆ ತಲೆ, ಬಾಲ ಮಿಕ್ಕಿತ್ತಲ್ಲವ್ವ. ಅದ್ನ ಉಂಡೆ. ತಳದಾಗಿನ್ನೂ ಇತ್ತು. ಚೆಲ್ಲಾಕೆ ಮನಸ್ ಬರ್ನಿಲ್ಲ. ಬೆಳಗ್ಗೆ ತಂಗ್ಳು ಮುದ್ದೆಗೂ ಅದೇ ಆಯ್ತು.'

'ಮೈ ಕೈ ನೋವಿದೆಯಾ?'

'ನೋವು ಯಾವತ್ತಿರಾಕಿಲ್ಲ ಬುಡಿ.'

'ಈ ಎರಡು ದಿನ ಜಾಸ್ತಿ ಇದೆಯಾ?'

ಪುಟ್ಟಮ್ಮ ಸೆರಗು ಸರಿಮಾಡಿಕೊಂಡರು. ಡಾಕ್ಟರ್ ಕೆಂಪಣ್ಣನನ್ನು ಹೊರಗೆ ಕಳಿಸಿ, ಮಂಚಗಳ ನಡುವಿನ ಪರದೆ ಎಳೆದು, ಪುಟ್ಟಮ್ಮನನ್ನು ಕೂರಿಸಿ ತೊಡೆ ಒತ್ತಿದರು. ಭಾವನಂತೆ ಪುಟ್ಟಮ್ಮ ಕಿರುಚಲಿಲ್ಲ. ಪಕ್ಕದಲ್ಲಿದ್ದ ನನ್ನ ಕೈ ಹಿಡಿದುಕೊಂಡರು. ಆ ಹಿಡಿತದಿಂದ ನೋವು ಎಷ್ಟೆಂದು ನನಗೆ ಗೊತ್ತಾಯಿತು.

ಉಚ್ಚೆ ಯಾವ ಬಣ್ಣ ಎಂದು ಕೇಳಿದಾಗ ಡಾಕ್ಟರಿಗೆ ಹೇಳಲಿಲ್ಲ. ನನ್ನ ಕಿವಿಯ ಹತ್ತಿರ ಬಂದು ಹೇಳಿದರು. 'ನಿನ್ನೆಯಿಂದ ಕರ್ರಗೆ ಬತ್ತೈತೆ ಕಣವ್ವ.'

ರಕ್ತ ತೆಗೆದರು. ಪುಟ್ಟಮ್ಮನ ರಿಪೋರ್ಟ್ ಭಾವನದ್ದಕ್ಕಿಂತ ಕೆಟ್ಟದಾಗಿತ್ತು. ಯಾಕಿರುವುದಿಲ್ಲ? ಭಾವನಿಗೆ ಸೋಮವಾರ ಮಧ್ಯಾಹ್ನದ ಹೊತ್ತಿಗೆ ಡ್ರಿಪ್ಸ್ ಏರಿತ್ತು. ಇವರು ಕಲ್ಲಾದ ಕಾಲಿನಲ್ಲಿ ಹಾಲು ಕರೆದು, ಕೊಟ್ಟಿಗೆ ಬಳಿದು, ನೀರು ಹೊತ್ತು, ಬಸ್ ಹತ್ತಿ, ಮೆಟ್ಟಿಲು ಹತ್ತಿ, ಕಾಯಿಲೆಯವರನ್ನು ನೋಡಲು ಬಂದಿದ್ದರು. ಪಕ್ಕದ ರೂಮಿನಲ್ಲಿ ಅವರನ್ನು ಮಲಗಿಸಿದರು. ಈಗ ದೊಡ್ಡ ಆಸ್ಪತ್ರೆಗೆ ಕಳಿಸಬೇಕಾಗಬಹುದು ಎಂದು ಡಾಕ್ಟರ್ ಹೇಳಿದ್ದು ಭಾವನ ಬಗ್ಗೆ ಅಲ್ಲ, ಪುಟ್ಟಮ್ಮನ ಬಗ್ಗೆ.

ಒಂದು ಪ್ರಶ್ನೆ ನನ್ನನ್ನು ಕೊರೆಯುತ್ತಿತ್ತು. ಊರೆಲ್ಲ ಮದ್ದು ಮದ್ದು ಎನ್ನುತ್ತಿರುವಾಗ ತನಗೂ ಹೀಗೇ ಆಗಿದೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತಲ್ಲ? ಮದ್ದು ಹಾಕಿದವಳು ಅದನ್ನೇ ಉಣ್ಣುತ್ತಾಳೆಯೇ? ಸಂಜೆ ಪಕ್ಕದಲ್ಲಿ ಕೂತು ಕೇಳಿದೆ.

'ಹೇಳಿದ್ರೆ ಏನಂತಿದ್ರು?' ಎಂದರು ಪುಟ್ಟಮ್ಮ. 'ಮಾಡೋದ್ ಮಾಡ್ಬುಟ್ಟು ಈಗ ನಾಟ್ಕ ಆಡ್ತಾವ್ಳೆ ಅಂತಿದ್ರು.'

ನಿಜ, ಹಾಗೇ ಅನ್ನುತ್ತಿದ್ದರು. ನನ್ನಕ್ಕನೇ ಅನ್ನುತ್ತಿದ್ದಳು.

ಹೊದಿಕೆ ಎಳೆದುಕೊಂಡು ಅವರೇ ಮುಂದುವರಿಸಿದರು. 'ಆಮೇಲೆ ನಂಗೂ ಗೊತ್ತಾಗ್ನಿಲ್ಲ ಕಣವ್ವ. ದಿನಾ ನೋಯೋ ಮೈ. ಇದು ಯಾವ ನೋವು, ಅದ್ಯಾವ ನೋವು ಅಂತ ಹೆಂಗ್ ಬಿಡ್ಸಿ ನೋಡ್ಲಿ?'

ಆ ದಿನ ಬಹಳ ಹೊತ್ತು ಅವರ ಉಚ್ಚೆ ಕರ್ರಗೇ ಇತ್ತು. ಅಕ್ಕ ಇಬ್ಬರ ರೂಮಿಗೂ ಓಡಾಡಿದಳು. ಪುಟ್ಟಮ್ಮನ ರೂಮಿಗೆ ಮೊದಲು ಬಾಗಿಲವರೆಗೆ ಬಂದು ಇಣುಕಿ ಹೋಗುತ್ತಿದ್ದಳು. ಆಮೇಲೆ ಒಳಗೆ ಬಂದು ಉಚ್ಚೆಯ ಬಾಟಲಿ ನೋಡಿ ಹೋಗುತ್ತಿದ್ದಳು. ಮಾರನೇ ದಿನ ಬೆಳಗ್ಗೆ ನಾನು ಕಾಫಿ ತೆಗೆದುಕೊಂಡು ಹೋದಾಗ ನರ್ಸ್ ಹಿಂದೆ ನಿಂತು 'ಬಣ್ಣ ತಿಳಿಯಾಗೈತೆ ಅಲ್ವಾ? ನಿನ್ನೆಗಿಂತ ತಿಳಿ ಐತೆ ಅಲ್ವಾ?' ಎಂದು ಕೇಳುತ್ತಿದ್ದಳು. ತಿಳಿಯಾಗಿತ್ತು. ಡಾಕ್ಟರ್ ಬಂದು ನೋಡಿ, ದೊಡ್ಡ ಆಸ್ಪತ್ರೆ ಬೇಕಾಗಲಿಕ್ಕಿಲ್ಲ ಎಂದರು. ಅಕ್ಕ ಹೊರಗೆ ಬೆಂಚಿನ ಮೇಲೆ ಕೂತು ಅತ್ತಳು. ನಾನೂ ಪಕ್ಕದಲ್ಲಿ ಕೂತು ಅತ್ತೆ. ಅಳುವುದಕ್ಕೆ ನಾಚಿಕೆ ಏನು?

ಅಕ್ಕ ತಪ್ಪಾಯ್ತು ಎಂದಳಾ ಎಂದು ಕೇಳಬೇಡಿ. ಅವಳು ಆ ಪೈಕಿ ಅಲ್ಲ. ಗಂಜಿ ಕ್ಯಾರಿಯರ್ ತಂದವಳು ಭಾವನ ರೂಮು ದಾಟಿ ಮೊದಲು ಪುಟ್ಟಮ್ಮನ ರೂಮಿಗೆ ಹೋದಳು. ತಲೆದಿಂಬು ಎತ್ತಿ ಕೂರಿಸಿದಳು. ಪುಟ್ಟಮ್ಮ ಅಭ್ಯಾಸಬಲದಿಂದ 'ಅವುನ್ದಾಯ್ತಾ? ಮೊದ್ಲು ಅವುನ್ಗೆ ಕೊಡು' ಎಂದರು.

'ಅವ್ರ್ ಕಾಯ್ತಾರೆ. ನೀನ್ ಕುಡಿ' ಎಂದಳು ಅಕ್ಕ.

ಈಗ ಇಬ್ಬರೂ ಹುಷಾರು. ಸ್ವಲ್ಪ ಸುಸ್ತು, ಭಾರ ಎತ್ತುವ ಹಾಗಿಲ್ಲ, ಆಗಾಗ ರಕ್ತ ಪರೀಕ್ಷೆ. ಡಾಕ್ಟರ್ ಮೇಲಿನವರಿಗೆ ವರದಿ ಕಳಿಸಿದ್ದಾರಂತೆ. ಆರೋಗ್ಯ ಇಲಾಖೆಯವರು ಬಂದು ಯಾವ ಮೀನು ಎಂದು ಕೇಳಿದರೆ ಅಣ್ಣತಮ್ಮಂದಿರು ಮತ್ತೆ ಜಗಳ ಆಡದಿದ್ದರೆ ಸಾಕು. ಊರಿನಲ್ಲಿ ಮದ್ದಿನ ಮಾತು ನಿಂತಿದೆ. ನಿಲ್ಲಿಸಿದವಳು ನನ್ನಕ್ಕ. ಅದೇ ಡೇರಿಗೆ ಹೋಗಿ ಅದೇ ಹೆಂಗಸರ ಎದುರು ನಿಂತು 'ನಮ್ ಅಕ್ಕ ಉಂಡಿದ್ದನ್ನೇ ನಮ್ಮೋರಿಗೂ ಇಕ್ಕಿದ್ದು ಕಣ್ರೀ' ಎಂದಳಂತೆ. ಪುಟ್ಟಮ್ಮನನ್ನು ಅಕ್ಕ ಎಂದು ಅವಳು ಕರೆದದ್ದನ್ನು ಬೀದಿ ಮೊದಲ ಸಲ ಕೇಳಿತು.

ಮೀನು ಬಿಡಿ ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ನಾನೂ ಬಿಟ್ಟಿಲ್ಲ. ಮೀನು ತಿಂದ ಮಾರನೇ ದಿನ ಮೈ ಕಲ್ಲಾಗಿ ಉಚ್ಚೆ ಕಪ್ಪಾದರೆ ಎಣ್ಣೆ ಹುಡುಕಬೇಡಿ, ಆಟೋ ಹುಡುಕಿ ಎಂದಷ್ಟೇ ಹೇಳುತ್ತೇನೆ. ನನ್ನ ತಲೆಯಲ್ಲಿ ಉಳಿದಿರುವುದು ಬೇರೆ. ಭಾವನಿಗೆ ಕಾಯಿಲೆ ಬಂದದ್ದು ಮರ್ಯಾದೆಯಿಂದ. ಒಳ್ಳೊಳ್ಳೆಯ ತುಂಡೆಲ್ಲ ಅವರ ತಟ್ಟೆಗೆ ಬಿತ್ತು. ಪುಟ್ಟಮ್ಮನಿಗೆ ಬಂದದ್ದು ಮರ್ಯಾದೆ ಇಲ್ಲದ್ದರಿಂದ. ಯಾರಿಗೂ ಬೇಡವಾದದ್ದೆಲ್ಲ ಅವರ ತಟ್ಟೆಗೆ ಬಿತ್ತು. ಅವರು ಉಣ್ಣುವಾಗ ಅಡುಗೆಮನೆಯಲ್ಲಿ ಇನ್ನೊಬ್ಬರು ಇರಲಿಲ್ಲ. ಹಾಗಾಗಿ ಅವರು ಉಂಡದ್ದಕ್ಕೆ ಸಾಕ್ಷಿಯೂ ಇರಲಿಲ್ಲ. ಕಟ್ಟಿಕೊಂಡ ಗಂಡನೇ 'ಅವ್ಳೇನೂ ಉಂಡಿಲ್ಲ' ಎಂದರು. ಅವರು ಸುಳ್ಳು ಹೇಳಲಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಹೋದ ಭಾನುವಾರ ನಮ್ಮ ಮನೆಯಲ್ಲೂ ಬಾಡೂಟ. ಎಲ್ಲರದ್ದೂ ಆದ ಮೇಲೆ ಅಡುಗೆಮನೆ ಕಟ್ಟೆಗೆ ಒರಗಿ ನಿಂತುಕೊಂಡೇ ಪಾತ್ರೆಯ ತಳ ಕೆರೆಯುತ್ತಿದ್ದೆ. ಕಾಲಂ ಬರೆಯುವವಳು, ಮಕ್ಕಳಿಗೆ ಸಮಾನತೆಯ ಪಾಠ ಮಾಡುವವಳು. ಸೌಟು ಕೈಯಲ್ಲೇ ನಿಂತಿತು. ನಾನು ಏನು ಉಂಡೆ ಎಂದು ಈ ಮನೆಯಲ್ಲಿ ಯಾರನ್ನಾದರೂ ಕೇಳಿದರೆ ಹೇಳುತ್ತಾರಾ?

ಪುಟ್ಟಮ್ಮನನ್ನು 'ಏನು ಹಾಕಿದೆ?' ಎಂದು ಇಡೀ ಬೀದಿ ಕೇಳಿತು, 'ನೀನೇನು ಉಂಡೆ?' ಎಂದು ಕೇಳಲಿಕ್ಕೆ ಒಬ್ಬ ಡಾಕ್ಟರೇ ಬರಬೇಕಿತ್ತಾ?